ಕಿವಿ ಕೈಕೊಟ್ಟಾಗ ಕೈ ಕೇಳಿದ್ದು: ಬಾಲ್ಟಿಮೋರಿನ ನೀಲಿ ಮಗುವಿನ ಪ್ರಕರಣ

ರೋಗಿ 15 ತಿಂಗಳ ಹೆಣ್ಣು ಮಗು. ಹೆಸರು ಐಲೀನ್ ಸ್ಯಾಕ್ಸನ್. ತೂಕ ಸುಮಾರು 4 ಕೆ.ಜಿ.; ಆ ವಯಸ್ಸಿಗೆ ಅದರ ಎರಡು ಪಟ್ಟಾದರೂ ಇರಬೇಕಿತ್ತು. ತುಟಿ, ನಾಲಿಗೆ, ಉಗುರಿನ ಬುಡಕ್ಕೆಲ್ಲ ನೇರಳೆ ಹಣ್ಣು ತಿಂದವರ ಬಾಯಿಯ ಬಣ್ಣ. ಹಾಲು ಕುಡಿಯುವಷ್ಟರಲ್ಲೇ ಸುಸ್ತು. ಅತ್ತರೆ ಮೈ ಇನ್ನಷ್ಟು ಕಪ್ಪಿಡುತ್ತಿತ್ತು. 1944ರ ನವೆಂಬರ್ ತಿಂಗಳಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಈ ಮಗು ಆಮ್ಲಜನಕದ ಗುಡಾರದೊಳಗೆ ಮಲಗಿತ್ತು. ಕಾಯಿಲೆಯ ಹೆಸರು ವೈದ್ಯರಿಗೆ ಗೊತ್ತಿತ್ತು. ವಾಸಿ ಮಾಡುವ ಔಷಧ ಇರಲಿಲ್ಲ. ಇದಕ್ಕೊಂದು ಆಪರೇಷನ್ ಎಂಬುದು ಅಲ್ಲಿಯವರೆಗೆ ಯಾವ ಮಗುವಿನ ಮೇಲೂ ನಡೆದಿರಲಿಲ್ಲ.

ಈ ಪ್ರಕರಣವನ್ನು ಸಾಮಾನ್ಯವಾಗಿ ಒಬ್ಬ ಸರ್ಜನ್ನನ ಸಾಹಸ ಎಂದು ಹೇಳಿಕೊಂಡು ಬಂದಿದ್ದಾರೆ. ಈಚಿನ ವರ್ಷಗಳಲ್ಲಿ ಆ ಸರ್ಜನ್ನನ ಬೆನ್ನ ಹಿಂದೆ ನಿಂತಿದ್ದ ಕಪ್ಪು ಸಹಾಯಕನ ಕಥೆಯೂ ಸೇರಿಕೊಂಡಿದೆ, ಸೇರಬೇಕಾದದ್ದೇ. ನಾನು ಇಲ್ಲಿ ಹೆಚ್ಚು ಹೊತ್ತು ನೋಡಬೇಕೆಂದಿರುವುದು ಮೇಜಿನ ತುದಿಯಲ್ಲಿ, ಮಗುವಿನ ತಲೆಯ ಹತ್ತಿರ ನಿಂತಿದ್ದ ಮೂರನೆಯವರನ್ನು. ಚಾಕು ಹಿಡಿಯುವವರಲ್ಲ. ಸ್ಟೆತಸ್ಕೋಪ್ ಹಾಕಿಕೊಂಡರೂ ಸರಿಯಾಗಿ ಕೇಳಿಸದವರು. ಆದರೂ ಆ ಕಾಲದಲ್ಲಿ ಮಕ್ಕಳ ಹೃದಯವನ್ನು ಅವರಷ್ಟು ಬಲ್ಲವರು ವಿರಳ. ಹೆಲೆನ್ ಬ್ರೂಕ್ ಟಾಸಿಗ್.

ಒಳ್ಳೆಯ ಡಾಕ್ಟರ ಬಗ್ಗೆ ನಾವು 'ಕೈಗುಣ ಚೆನ್ನಾಗಿದೆ' ಎನ್ನುತ್ತೇವೆ. ಅದು ಅನುಭವವೋ, ಅದೃಷ್ಟವೋ, ರೋಗಿಯ ನಂಬಿಕೆಯೋ, ಯಾರೂ ಬಿಡಿಸಿ ಹೇಳುವುದಿಲ್ಲ. ಟಾಸಿಗ್ ವಿಷಯದಲ್ಲಿ ಮಾತ್ರ ಆ ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳಬಹುದು. ಕಿವಿ ಮಂದವಾಗುತ್ತ ಹೋದ ಹಾಗೆ ಅವರು ಮಕ್ಕಳ ಎದೆಯ ಮೇಲೆ ಕೈಯಿಟ್ಟು ಹೃದಯವನ್ನು ಓದುವುದನ್ನು ಕಲಿತರು.

ಓದಲಾರದ ಹುಡುಗಿ, ಪದವಿ ಸಿಗದ ವಿದ್ಯಾರ್ಥಿನಿ

ಹುಟ್ಟಿದ್ದು 1898ರ ಮೇ 24ರಂದು, ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ. ತಂದೆ ಫ್ರಾಂಕ್ ಟಾಸಿಗ್ ಹಾರ್ವರ್ಡಿನ ಹೆಸರಾಂತ ಅರ್ಥಶಾಸ್ತ್ರಜ್ಞ. ಹುಡುಗಿಗೆ 11 ವರ್ಷವಾಗಿದ್ದಾಗ ತಾಯಿ ಕ್ಷಯದಿಂದ ತೀರಿಕೊಂಡರು. ಇದರ ಜೊತೆಗೆ ಅಕ್ಷರಗಳು ಕಣ್ಣಮುಂದೆ ನಿಲ್ಲದ ತೊಂದರೆ. ಈಗ ನಾವು ಡಿಸ್ಲೆಕ್ಸಿಯಾ ಎಂದು ಕರೆಯುವುದು. ಪ್ರೊಫೆಸರರ ಮಗಳು ಓದಲು ತಡವರಿಸುತ್ತಾಳೆ ಎಂದರೆ ಆ ಕಾಲದ ಶಾಲೆ ಅವಳನ್ನು ದಡ್ಡಿ ಎಂದು ಬದಿಗೆ ಸರಿಸುವುದು ಸುಲಭವಿತ್ತು. ತಂದೆ ಮನೆಯಲ್ಲಿ ಕೂರಿಸಿಕೊಂಡು ತಾಳ್ಮೆಯಿಂದ ಕಲಿಸಿದರು. ಮುಂದೆ ಟಾಸಿಗ್ ಒಂದೊಂದು ಮಗುವಿನ ಎದುರೂ ಅವಸರವಿಲ್ಲದೆ ಕೂರುತ್ತಿದ್ದದ್ದಕ್ಕೂ ಆ ಓದಿನ ಮೇಜಿಗೂ ನಂಟಿದೆ ಅಂತ ನನಗನಿಸುತ್ತದೆ. ಸಾಬೀತು ಮಾಡಲಾರೆ.

ಬರ್ಕ್ಲಿಯಲ್ಲಿ 1921ರಲ್ಲಿ ಪದವಿ ಮುಗಿಸಿ ಹಾರ್ವರ್ಡಿಗೆ ಬಂದಾಗ ಸಿಕ್ಕ ಉತ್ತರ ವಿಚಿತ್ರವಾಗಿತ್ತು: ಹೆಂಗಸರು ಪಾಠ ಕೇಳಬಹುದು, ಪದವಿ ಮಾತ್ರ ಕೊಡುವುದಿಲ್ಲ. ಊಟಕ್ಕೆ ಕರೆದು ಎಲೆ ಹಾಕದ ಹಾಗೆ. ಅಲ್ಲಿ ಅಂಗಾಂಶಶಾಸ್ತ್ರದ ತರಗತಿಗೆ ಅವರು ಹೋದರು, ಗಂಡುಹುಡುಗರಿಂದ ದೂರ ಒಂದು ಮೂಲೆಯಲ್ಲಿ ಕೂತು. ಆಮೇಲೆ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಅಂಗರಚನಾಶಾಸ್ತ್ರ ಕಲಿಯುತ್ತಿದ್ದಾಗ ಅಲೆಕ್ಸಾಂಡರ್ ಬೆಗ್ ಎಂಬ ಪ್ರಾಧ್ಯಾಪಕರು ಒಂದು ಎತ್ತಿನ ಹೃದಯವನ್ನು ಕೈಗೆ ಕೊಟ್ಟು, ಇದರ ಸ್ನಾಯುಗಳನ್ನು ನೋಡು ಎಂದರು. ಅಲ್ಲಿಂದ ಶುರು. ಹಾಪ್ಕಿನ್ಸ್‌ಗೆ ಹೋಗು ಎಂದು ಹೇಳಿದವರೂ ಅವರೇ; ಅಲ್ಲಿ ಹೆಂಗಸರಿಗೂ ವೈದ್ಯ ಪದವಿ ಕೊಡುತ್ತಿದ್ದರು. 1927ರಲ್ಲಿ ಅಲ್ಲಿಂದ ಡಾಕ್ಟರಾಗಿ ಹೊರಬಂದರು.

1930ರಲ್ಲಿ ಮಕ್ಕಳ ವಿಭಾಗದ ಮುಖ್ಯಸ್ಥ ಎಡ್ವರ್ಡ್ಸ್ ಪಾರ್ಕ್ ಅವರು ಹ್ಯಾರಿಯೆಟ್ ಲೇನ್ ಹೋಮ್ ಎಂಬ ಮಕ್ಕಳ ಆಸ್ಪತ್ರೆಯ ಹೃದಯ ಕ್ಲಿನಿಕ್ಕನ್ನು ಟಾಸಿಗ್ ಕೈಗೆ ಒಪ್ಪಿಸಿದರು. ಆಗ ಕ್ಲಿನಿಕ್ಕಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರುಮ್ಯಾಟಿಕ್ ಜ್ವರ ಬಂದು ಹೃದಯದ ಕವಾಟ ಹಾಳಾದ ಮಕ್ಕಳು. ಹುಟ್ಟಿನಿಂದಲೇ ಹೃದಯದ ರಚನೆ ತಪ್ಪಿದ ಮಕ್ಕಳನ್ನೂ ನೋಡಬೇಕು ಎಂದು ಪಾರ್ಕ್ ಪಟ್ಟು ಹಿಡಿದರು. ಟಾಸಿಗ್‌ಗೆ ಮೊದಲು ಅಷ್ಟೇನೂ ಮನಸ್ಸಿರಲಿಲ್ಲ. ಯಾಕಿರಬೇಕು? ಏನೂ ಮಾಡಲಾಗದ ಕಾಯಿಲೆ. ಆ ಮಕ್ಕಳು ಸಾಯುತ್ತಿದ್ದರು, ಶವಪರೀಕ್ಷೆಯಲ್ಲಿ ಹೃದಯ ಬಿಚ್ಚಿ ನೋಡಿದಾಗ ಎಲ್ಲಿ ತಪ್ಪಿತ್ತೆಂದು ತಿಳಿಯುತ್ತಿತ್ತು, ಅಲ್ಲಿಗೆ ಕಡತ ಮುಗಿಯುತ್ತಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಮಾಡ್ ಅಬಟ್ ಎಂಬ ವೈದ್ಯೆ ಇಂಥ ಸಾವಿರ ಹೃದಯಗಳ ವಿವರವನ್ನು ಒಟ್ಟುಮಾಡಿ 1936ರಲ್ಲಿ ಒಂದು ದೊಡ್ಡ ಅಟ್ಲಾಸ್ ತಂದಿದ್ದರು. ಟಾಸಿಗ್ ಅವರ ಬಳಿಯೂ ಹೋಗಿ ಕಲಿತರು. ಆದರೆ ಅಬಟ್ ನೋಡಿದ್ದು ಬಹುಪಾಲು ನಿಂತುಹೋದ ಹೃದಯಗಳನ್ನು. ಟಾಸಿಗ್ ಎದುರಿಗಿದ್ದವು ಬಡಿಯುತ್ತಿದ್ದವು.

ಕಿವಿ ಕೈಕೊಟ್ಟದ್ದು ಈ ಹೊತ್ತಿನಲ್ಲೇ, ಅವರಿಗೆ 30 ದಾಟುತ್ತಿದ್ದಾಗ. ಹೃದಯದ ಡಾಕ್ಟರಿಗೆ ಕಿವಿ ಹೋಗುವುದೆಂದರೆ ಅಕ್ಕಸಾಲಿಗನಿಗೆ ಕಣ್ಣು ಹೋದಂತೆ. ಶಬ್ದತರಂಗದಿಂದ ಹೃದಯದ ಚಿತ್ರ ತೋರಿಸುವ ಎಕೋ ಆಗ ಇರಲಿಲ್ಲ. ಇಸಿಜಿ, ಎಕ್ಸ್‌ರೇ, ಉಳಿದಂತೆ ಸ್ಟೆತಸ್ಕೋಪಿನಲ್ಲಿ ಕೇಳುವ ಲಬ್-ಡಬ್ ಮತ್ತು ಅದರ ನಡುವೆ ನುಸುಳುವ ಮರ್ಮರ, ಅಷ್ಟೇ ಆಧಾರ. ಟಾಸಿಗ್ ಶಬ್ದ ಹೆಚ್ಚಿಸುವ ಸ್ಟೆತಸ್ಕೋಪ್ ಬಳಸಿದರು, ತುಟಿ ನೋಡಿ ಮಾತು ಹಿಡಿಯುವುದನ್ನು ಕಲಿತರು, ಶ್ರವಣ ಯಂತ್ರ ಹಾಕಿಕೊಂಡರು. ಉಳಿದದ್ದನ್ನು ಬೆರಳಿಗೆ ಬಿಟ್ಟರು. ಹಿಟ್ಟಿನ ಗಿರಣಿಯ ಹೊರಗೋಡೆಗೆ ಅಂಗೈ ಇಟ್ಟರೆ ಒಳಗೆ ಕಲ್ಲು ತಿರುಗುವುದು ತಿಳಿಯುತ್ತದಲ್ಲ, ಹಾಗೆ ಕಿರಿದಾದ ದಾರಿಯಲ್ಲಿ ರಕ್ತ ನುಗ್ಗುವಾಗ ಎದೆಗೂಡು ಸಣ್ಣಗೆ ನಡುಗುತ್ತದೆ. ಆ ನಡುಕ ಎಡಕ್ಕಿದೆಯೋ ಬಲಕ್ಕೋ, ಮೇಲೋ ಕೆಳಗೋ, ಬಡಿತದ ಯಾವ ಘಟ್ಟದಲ್ಲಿ ಬರುತ್ತದೆ ಎಂದು ಕೈಯಲ್ಲೇ ಗುರುತಿಸುತ್ತಿದ್ದರು. ಕಿವಿ ಚೆನ್ನಾಗಿದ್ದ ಸಹೋದ್ಯೋಗಿಗಳು ತಪ್ಪಿಸಿಕೊಂಡದ್ದು ಎಷ್ಟೋ ಸಲ ಅವರ ಬೆರಳಿಗೆ ಸಿಗುತ್ತಿತ್ತಂತೆ.

ಕೈಯಿಡಬೇಕೆಂದರೆ ಮಗು ಅಳಬಾರದು. ಅಳಬಾರದೆಂದರೆ ಮೊದಲು ಅದರ ಜೊತೆ ಪರಿಚಯವಾಗಬೇಕು. ಮಗುವನ್ನು ಸುಮ್ಮನೆ ನೋಡುತ್ತ ಕೂರುವುದು, ಹೇಗೆ ಉಸಿರಾಡುತ್ತದೆ, ಹೇಗೆ ಕೂರುತ್ತದೆ, ಆಟದ ಮಧ್ಯೆ ಯಾವಾಗ ನಿಲ್ಲುತ್ತದೆ ಎಂದು ಗಮನಿಸುವುದು, ತಾಯಿಯ ಮಾತನ್ನು ಪೂರ್ತಿ ಕೇಳುವುದು: ಇದೆಲ್ಲ ಟಾಸಿಗ್ ಮಟ್ಟಿಗೆ ಸೌಜನ್ಯಕ್ಕಿಂತ ಹೆಚ್ಚಾಗಿ ಪರೀಕ್ಷೆಯ ಭಾಗವೇ ಆಗಿತ್ತು. ತುಟಿ ಓದುವವರು ಮಾತಾಡುವವರ ಮುಖ ಬಿಟ್ಟು ಬೇರೆಡೆ ನೋಡುವ ಹಾಗಿಲ್ಲ. ಕೇಸ್ ಪೇಪರಿನಿಂದ ತಲೆಯೆತ್ತದ ಡಾಕ್ಟರನ್ನು ನೋಡಿ ಬಂದವರಿಗೆ ಇದರ ಬೆಲೆ ಗೊತ್ತಾಗುತ್ತದೆ.

ಕುಕ್ಕರಗಾಲಲ್ಲಿ ಕೂರುವ ಮಕ್ಕಳು

ಈಗ ಕಾಯಿಲೆಗೆ ಬರೋಣ. ನಮ್ಮಲ್ಲಿ ಹುಟ್ಟು ಹೃದ್ರೋಗಗಳನ್ನೆಲ್ಲ ಸೇರಿಸಿ 'ಹೃದಯದಲ್ಲಿ ತೂತು' ಎಂದುಬಿಡುತ್ತೇವೆ. ಐಲೀನ್‌ಗಿದ್ದ ಟೆಟ್ರಾಲಜಿ ಆಫ್ ಫ್ಯಾಲೋದಲ್ಲಿ ತೂತು ನಾಲ್ಕರಲ್ಲಿ ಒಂದು ಮಾತ್ರ. ಮಾರ್ಸೇಲ್ಸ್ ನಗರದ ವೈದ್ಯ ಫ್ಯಾಲೋ 1888ರಲ್ಲಿ ಇದನ್ನು ವಿವರಿಸಿದ್ದ. ಹೃದಯದ ಕೆಳಗಿನ ಕೋಣೆಗಳಾದ ಎಡ ಬಲ ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ತೂತು. ಬಲಗಡೆಯಿಂದ ಶ್ವಾಸಕೋಶಕ್ಕೆ ಹೋಗುವ ದಾರಿ ಕಿರಿದು. ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿ ಎಡದಲ್ಲೇ ಇರದೆ ಆ ತೂತಿನ ಮೇಲೆ ಸವಾರಿ ಮಾಡಿದಂತೆ ಕೂತಿರುವುದು. ಒತ್ತಡಕ್ಕೆ ಸಿಕ್ಕಿ ಬಲ ಹೃತ್ಕುಕ್ಷಿಯ ಗೋಡೆ ದಪ್ಪವಾಗುವುದು. ನಾಲ್ಕೂ ಸೇರಿ ಆಗುವ ಕೆಡುಕು ಒಂದೇ: ಆಮ್ಲಜನಕ ತುಂಬಿಕೊಳ್ಳಲು ಶ್ವಾಸಕೋಶಕ್ಕೆ ಹೋಗಬೇಕಾದ ರಕ್ತದಲ್ಲಿ ಬಹುಪಾಲು ಅಲ್ಲಿಗೆ ಹೋಗದೆ, ತೂತಿನಲ್ಲಿ ನುಸುಳಿ, ನೀಲಿಯಾಗಿಯೇ ಮೈಗೆಲ್ಲ ಹರಿಯುತ್ತದೆ.

ಈ ಮಕ್ಕಳು ನಾಲ್ಕು ಹೆಜ್ಜೆ ನಡೆದು ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಸ್ವಲ್ಪ ಸುಧಾರಿಸಿಕೊಂಡು ಏಳುತ್ತಾರೆ, ಮತ್ತೆ ನಾಲ್ಕು ಹೆಜ್ಜೆ, ಮತ್ತೆ ಕೂರುವುದು. ಟಾಸಿಗ್ ಇದನ್ನು ಬಹಳ ಗಮನಿಸಿದರು. ಹಾಗೆ ಕೂತಾಗ ಕಾಲಿನ ರಕ್ತನಾಳಗಳು ಮಡಿಚಿ ಮೈಯ ಕಡೆಯ ಹರಿವಿಗೆ ತಡೆ ಹೆಚ್ಚುತ್ತದೆ. ಅಷ್ಟರಮಟ್ಟಿಗೆ ರಕ್ತ ಶ್ವಾಸಕೋಶದ ಕಡೆಗೆ ಒತ್ತಿಕೊಳ್ಳುತ್ತದೆ. ಯಾರೂ ಹೇಳಿಕೊಡದೆ ಮಗು ತಾನೇ ಕಂಡುಕೊಂಡ ಔಷಧಿ ಅದು. ಕೂರಲು ಬಾರದ ಕೂಸು ಉಸಿರುಗಟ್ಟಿ ನೀಲಿಯಾದರೆ ಅದರ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿಯುವುದು ಇಂದಿಗೂ ಮೊದಲ ಉಪಾಯ. ಅಮೆರಿಕದ ಬೀದಿಯಲ್ಲಿ ಮಗುವೊಂದು ಕುಕ್ಕರಗಾಲಲ್ಲಿ ಕೂತರೆ ಎದ್ದು ಕಾಣುತ್ತದೆ. ನಮ್ಮ ಅಂಗಳದಲ್ಲಿ ಎಲ್ಲರೂ ಹಾಗೇ ಕೂರುವವರು. ಮಗು ಯಾಕೆ ಕೂತಿತು ಎಂದು ಯಾರಿಗೂ ಅನುಮಾನ ಬಾರದೆ ಹೋಗಬಹುದು. ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿಗೆ ಬರುವ ವೈದ್ಯರ ತಂಡ ಹುಡುಕುವ ಕಾಯಿಲೆಗಳ ಪಟ್ಟಿಯಲ್ಲಿ ಹುಟ್ಟು ಹೃದ್ರೋಗವೂ ಇದೆ. ಆ ದಿನ ಮಗುವನ್ನು ತಪ್ಪಿಸದೆ ಕಳಿಸಿ ಎಂದಷ್ಟೇ ಹೇಳಿ ಬಾಲ್ಟಿಮೋರಿಗೆ ಮರಳುತ್ತೇನೆ.

ವರ್ಷಗಟ್ಟಲೆ ಅವೇ ಮಕ್ಕಳನ್ನು ಮತ್ತೆ ಮತ್ತೆ ನೋಡಿ, ಬಡಿಯುವ ಹೃದಯವನ್ನು ಎಕ್ಸ್‌ರೇಯಲ್ಲಿ ತೋರಿಸುವ ಫ್ಲೂರೋಸ್ಕೋಪಿನ ಕತ್ತಲ ಕೋಣೆಯಲ್ಲಿ ಹೃದಯದ ನೆರಳನ್ನು ಬೇರೆ ಬೇರೆ ಕೋನದಿಂದ ಪರಿಶೀಲಿಸಿ, ಸತ್ತಾಗ ಶವಪರೀಕ್ಷೆಯಲ್ಲಿ ತಮ್ಮ ಊಹೆ ಸರಿಯಿತ್ತೇ ಎಂದು ತಾಳೆ ನೋಡಿ, ಟಾಸಿಗ್ ಒಂದು ಅಂಶ ಹಿಡಿದರು. ಕೆಲವು ನೀಲಿ ಕೂಸುಗಳು ಹುಟ್ಟಿದಾಗ ಅಷ್ಟೊಂದು ನೀಲಿಯಾಗಿರುತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಮ್ಮೆಲೇ ಕಪ್ಪಿಟ್ಟು ಸಾಯುತ್ತಿದ್ದವು. ಅದೇ ರೋಗವಿದ್ದೂ ಇನ್ನು ಕೆಲವು ಬಹಳ ಕಾಲ ತಾಳಿಕೊಳ್ಳುತ್ತಿದ್ದವು. ವ್ಯತ್ಯಾಸ ಎಲ್ಲಿ?

ಗರ್ಭದಲ್ಲಿರುವಾಗ ಮಗುವಿಗೆ ಶ್ವಾಸಕೋಶದ ಕೆಲಸವಿಲ್ಲ. ಹಾಗಾಗಿ ಶ್ವಾಸಕೋಶದ ಅಪಧಮನಿಯನ್ನೂ ಮಹಾಪಧಮನಿಯನ್ನೂ ಜೋಡಿಸುವ ಒಂದು ಅಡ್ಡದಾರಿ ಇರುತ್ತದೆ. ಅದಕ್ಕೆ ಡಕ್ಟಸ್ ಎನ್ನುತ್ತಾರೆ. ಹುಟ್ಟಿದ ಕೆಲವು ದಿನಗಳಲ್ಲಿ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಟಾಸಿಗ್‌ಗೆ ಕಂಡದ್ದು ಇಷ್ಟು: ನೀಲಿ ಕೂಸುಗಳಲ್ಲಿ ಡಕ್ಟಸ್ ತೆರೆದಿರುವವರೆಗೆ ಜೀವ ನಡೆಯುತ್ತದೆ, ಮುಚ್ಚಿದ ದಿನ ಕೆಡುತ್ತದೆ. ಮುಖ್ಯ ದಾರಿ ಕಟ್ಟಿದ್ದರೂ ಈ ಅಡ್ಡದಾರಿಯಿಂದ ಒಂದಿಷ್ಟು ರಕ್ತ ಶ್ವಾಸಕೋಶ ಸೇರುತ್ತಿತ್ತು. ಅಂದಮೇಲೆ ಮುಚ್ಚಿದ ಡಕ್ಟಸ್‌ನ ಬದಲಿಗೆ ಇನ್ನೊಂದನ್ನು ಕಟ್ಟಿಕೊಟ್ಟರೆ? ಹೃದಯದ ತಪ್ಪನ್ನು ಮುಟ್ಟುವುದೇ ಬೇಡ. ತೂಬು ಕಟ್ಟಿಹೋದ ಗದ್ದೆಗೆ ಪಕ್ಕದ ಕಾಲುವೆಯಿಂದ ಕವಲು ಒಡೆದು ನೀರು ಹಾಯಿಸುವ ಹಾಗೆ.

ಹೊಸ ಯಂತ್ರ ಬಂದು ಹೊಳೆದ ವಿಚಾರ ಇದಲ್ಲ. ಏನೂ ಮಾಡಲಾಗದು ಎಂದು ಬಿಟ್ಟ ಮಕ್ಕಳನ್ನು ಬಿಡದೆ ನೋಡುತ್ತಿದ್ದವರಿಗೆ ಹೊಳೆದದ್ದು. ನಮ್ಮ ಭಾಷೆಯಲ್ಲಿ 'ನೋಡು' ಮತ್ತು 'ನೋಡಿಕೊಳ್ಳು' ಒಂದೇ ಬೇರಿನ ಮಾತುಗಳು; ಟಾಸಿಗ್ ಕ್ಲಿನಿಕ್ಕಿನಲ್ಲೂ ಅವು ಬೇರೆ ಬೇರೆ ಇರಲಿಲ್ಲ.

ಪೈಪು ಬದಲಿಸುವವರು

1938ರಲ್ಲಿ ಬಾಸ್ಟನ್ನಿನ ರಾಬರ್ಟ್ ಗ್ರಾಸ್ ಎಂಬ ಯುವ ಸರ್ಜನ್, ಮುಚ್ಚಬೇಕಾದರೂ ಮುಚ್ಚದೆ ಉಳಿದ ಡಕ್ಟಸ್ ಒಂದನ್ನು ಕಟ್ಟಿ ಹೆಸರು ಮಾಡಿದ್ದ. ಟಾಸಿಗ್ ಅವನ ಬಳಿ ಹೋಗಿ, ಡಕ್ಟಸ್ ಮುಚ್ಚುವವರು ನೀವು, ಒಂದನ್ನು ಕಟ್ಟಿಕೊಡಬಲ್ಲಿರಾ ಎಂದು ಕೇಳಿದರು. ಅವನಿಗೆ ಆಸಕ್ತಿ ಹುಟ್ಟಲಿಲ್ಲ. ಮುಚ್ಚುವುದರಲ್ಲಿ ಆಗತಾನೆ ಗೆದ್ದವನಿಗೆ ತೆರೆಯುವ ಮಾತು ತಲೆಕೆಳಗಾಗಿ ಕೇಳಿಸಿರಬೇಕು. ಟಾಸಿಗ್ ವಾಪಸು ಬಂದು ಕಾದರು.

1941ರಲ್ಲಿ ಆಲ್ಫ್ರೆಡ್ ಬ್ಲೇಲಾಕ್ ಹಾಪ್ಕಿನ್ಸ್‌ನ ಸರ್ಜರಿ ಮುಖ್ಯಸ್ಥನಾಗಿ ಬಂದ. ಜೊತೆಗೆ ನ್ಯಾಶ್‌ವಿಲ್‌ನ ತನ್ನ ಪ್ರಯೋಗಾಲಯದ ಸಹಾಯಕ ವಿವಿಯನ್ ಥಾಮಸ್‌ನನ್ನೂ ಕರೆತಂದ. ಥಾಮಸ್ ಬಡಗಿ ಕೆಲಸ ಬಲ್ಲವನು. ಕಾಲೇಜಿಗೆಂದು ಕೂಡಿಟ್ಟ ಹಣ 1930ರ ಬ್ಯಾಂಕ್ ಕುಸಿತದಲ್ಲಿ ಮುಳುಗಿ ಓದು ಅಲ್ಲಿಗೇ ನಿಂತಿತ್ತು. ಅವನು ಮಾಡುತ್ತಿದ್ದದ್ದು ಸಂಶೋಧಕನ ಕೆಲಸ, ಲೆಕ್ಕದಲ್ಲಿದ್ದದ್ದು ಕಸ ಗುಡಿಸುವವನ ದರ್ಜೆ. ಬಾಲ್ಟಿಮೋರ್ ಆಗ ಕರಿಯರನ್ನು ಬೇರೆಯಿಡುತ್ತಿದ್ದ ಊರು. ಅವನು ಬಿಳಿ ಕೋಟು ಹಾಕಿ ಆಸ್ಪತ್ರೆಯ ಓಣಿಯಲ್ಲಿ ನಡೆದರೆ ಜನ ನಿಂತು ನೋಡುತ್ತಿದ್ದರು.

ಟಾಸಿಗ್ ಇವರ ಪ್ರಯೋಗಾಲಯಕ್ಕೆ ಬಂದು ತಮ್ಮ ಮಕ್ಕಳ ಕಥೆ ಹೇಳಿದರು. ನಲ್ಲಿ ರಿಪೇರಿಯವರು ಪೈಪು ಬದಲಿಸುವ ಹಾಗೆ ಏನಾದರೂ ಮಾಡಿ ಶ್ವಾಸಕೋಶಕ್ಕೆ ಹೆಚ್ಚು ರಕ್ತ ಮುಟ್ಟಿಸಲು ಬರುತ್ತದೆಯೇ ಎಂದು ಕೇಳಿದರೆಂದು ಥಾಮಸ್ ಮುಂದೆ ನೆನಪಿಸಿಕೊಂಡಿದ್ದಾನೆ. ಉತ್ತರ ಅವರ ಹಳೆಯ ಕಡತದಲ್ಲೇ ಇತ್ತು. ಬೇರೇನನ್ನೋ ತಿಳಿಯಲು ನ್ಯಾಶ್‌ವಿಲ್‌ನಲ್ಲಿ ನಾಯಿಗಳ ಮೇಲೆ ತೋಳಿನ ಅಪಧಮನಿಯನ್ನು ಶ್ವಾಸಕೋಶದ ಅಪಧಮನಿಗೆ ಹೊಲಿದಿದ್ದರು. ಆ ಪ್ರಯೋಗ ಅಂದುಕೊಂಡ ಫಲ ಕೊಟ್ಟಿರಲಿಲ್ಲ. ಕೆಲಸಕ್ಕೆ ಬಾರದ್ದೆಂದು ಎತ್ತಿಟ್ಟ ಹೊಲಿಗೆ ಈಗ ಬೇಕಾಯಿತು. ಸುಮಾರು ಎರಡು ವರ್ಷ, ನೂರಾರು ನಾಯಿಗಳು. ಮೊದಲು ನಾಯಿಯನ್ನು ನೀಲಿ ಮಾಡಬೇಕು, ಆಮೇಲೆ ಅದನ್ನು ಸರಿಮಾಡಬೇಕು. ಅದೆಲ್ಲ ಬಹುಪಾಲು ಥಾಮಸ್‌ನ ಕೈಕೆಲಸ. ಅಷ್ಟು ಸಣ್ಣ ರಕ್ತನಾಳಕ್ಕೆ ತಕ್ಕ ಸೂಜಿ, ಚಿಮಟ ಇರಲಿಲ್ಲ. ದೊಡ್ಡ ಸೂಜಿಯನ್ನು ಮುರಿದು ಮಸೆದು ಅವನೇ ಮಾಡಿಕೊಂಡ. ಬದುಕುಳಿದು ಬಹುಕಾಲ ಬಾಳಿದ ಅನ್ನಾ ಎಂಬ ನಾಯಿಯ ಚಿತ್ರವನ್ನು ಆಸ್ಪತ್ರೆಯ ಗೋಡೆಯಲ್ಲಿ ತೂಗುಹಾಕಿದ್ದಾರೆ. ಉಳಿದ ನಾಯಿಗಳಿಗೆ ಹೆಸರಿಲ್ಲ.

ಈ ವಿಚಾರ ಮೊದಲು ಯಾರದು ಎಂದು ಟಾಸಿಗ್ ಕಡೆಯವರಿಗೂ ಬ್ಲೇಲಾಕ್ ಕಡೆಯವರಿಗೂ ಮುಂದೆ ಬಹಳ ಮನಸ್ತಾಪವಾಯಿತು. ನನಗೆ ಅದರಲ್ಲಿ ನ್ಯಾಯ ಹೇಳುವ ಉತ್ಸಾಹವಿಲ್ಲ. ಯಾವ ಮಗುವಿಗೆ, ಯಾಕೆ ಎಂಬ ಪ್ರಶ್ನೆ ಟಾಸಿಗ್‌ದು. ಹೇಗೆ ಎಂಬುದು ಥಾಮಸ್‌ನದು. ಮಾಡಿಬಿಡೋಣ ಎಂಬ ಎದೆಗಾರಿಕೆ ಬ್ಲೇಲಾಕ್‌ನದು.

ನವೆಂಬರ್ 29

ಐಲೀನ್ ದಿನದಿನಕ್ಕೆ ಕುಸಿಯುತ್ತಿದ್ದಳು. ಕಾಯಲು ಸಮಯವಿರಲಿಲ್ಲ. ಆಸ್ಪತ್ರೆಯ ಹಿರಿಯ ಅರಿವಳಿಕೆ ತಜ್ಞರು ಇಷ್ಟು ನಿತ್ರಾಣವಾದ ಮಗುವಿಗೆ ಅರಿವಳಿಕೆ ಕೊಡಲು ಒಪ್ಪಲಿಲ್ಲ; ಕಿರಿಯ ಮೆರೆಲ್ ಹಾರ್ಮೆಲ್ ಮುಂದೆ ಬಂದ. ಬ್ಲೇಲಾಕ್ ಅಲ್ಲಿಯವರೆಗೆ ಈ ಹೊಲಿಗೆಯನ್ನು ಒಂದೇ ಒಂದು ನಾಯಿಗೆ, ಅದೂ ಥಾಮಸ್ ಪಕ್ಕದಲ್ಲಿದ್ದಾಗ, ಹಾಕಿದ್ದ. ಥಾಮಸ್ ಹಾಕಿದ್ದಕ್ಕೆ ಲೆಕ್ಕವಿಲ್ಲ. ಆದರೆ ಥಾಮಸ್ ಡಾಕ್ಟರಲ್ಲ, ರೋಗಿಯನ್ನು ಮುಟ್ಟುವಂತಿಲ್ಲ. ಹಾಗಾಗಿ ಬ್ಲೇಲಾಕ್ ಅವನನ್ನು ಕರೆಸಿ ಒಂದು ಸಣ್ಣ ಮೆಟ್ಟಿಲಿನ ಮೇಲೆ, ತನ್ನ ಬಲ ಭುಜದ ಹಿಂದೆ ನಿಲ್ಲಿಸಿಕೊಂಡ. ಪ್ರತಿ ಹೊಲಿಗೆಗೂ ಇದು ಸರಿಯೇ, ಇಷ್ಟು ಹತ್ತಿರ ಸಾಕೇ, ದಾರ ಈ ಕಡೆಯಿಂದಲೇ ಎಂದು ಕೇಳುತ್ತ ಹೋದ. ಸಹಾಯಕ್ಕಿದ್ದವರಲ್ಲಿ ವಿಲಿಯಂ ಲಾಂಗ್‌ಮೈರ್ ಮತ್ತು ಇಂಟರ್ನ್ ಡೆಂಟನ್ ಕೂಲಿ. ಈ ಕೂಲಿ ಮುಂದೆ ಜಗತ್ತಿನ ದೊಡ್ಡ ಹೃದಯ ಸರ್ಜನ್ನರಲ್ಲಿ ಒಬ್ಬನಾದ.

ಎಡ ಎದೆ ತೆರೆದರು. ಎಡ ತೋಳಿಗೆ ಹೋಗುವ ಅಪಧಮನಿ ಬೆಂಕಿಕಡ್ಡಿಯಷ್ಟೂ ದಪ್ಪವಿರಲಿಲ್ಲ. ಅದನ್ನು ಕತ್ತರಿಸಿ, ಬಗ್ಗಿಸಿ, ಎಡ ಶ್ವಾಸಕೋಶದ ಅಪಧಮನಿಯ ಬದಿಗೆ ತೂತು ಮಾಡಿ ಹೊಲಿದರು. ಸುಮಾರು ಒಂದೂವರೆ ಗಂಟೆಯ ಕೆಲಸ. ಹೃದಯ-ಶ್ವಾಸಕೋಶ ಯಂತ್ರ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಹೃದಯ ಬಡಿಯುತ್ತಿದ್ದಂತೆಯೇ ಪಕ್ಕದಲ್ಲಿ ಇಷ್ಟೂ ನಡೆಯಿತು. ಚಿಮಟ ಬಿಟ್ಟಾಗ ರಕ್ತ ಹರಿಯಿತು. ಮಗು ಮೇಜಿನ ಮೇಲೆ ಸಾಯಲಿಲ್ಲ.

ಅದಾದ ಮೇಲಿನ ದಿನಗಳು ಚಿಂತೆಯವು. ಸುಮಾರು ಎರಡು ವಾರ ಮಗು ಇರುತ್ತದೋ ಹೋಗುತ್ತದೋ ಎಂಬಂತಿತ್ತು. ಆಮೇಲೆ ಮೆಲ್ಲಗೆ ಬಣ್ಣ ತಿರುಗಿತು, ಊಟ ಸೇರತೊಡಗಿತು. 1945ರ ಜನವರಿ 25ರಂದು, ಆಪರೇಷನ್ನಾಗಿ ಸುಮಾರು ಎರಡು ತಿಂಗಳಿಗೆ, ಐಲೀನ್ ಮನೆಗೆ ಹೋದಳು.

ಇಲ್ಲಿಗೆ ನಿಲ್ಲಿಸಿದರೆ ಕಥೆ ಚೆಂದ. ಆದರೆ ಪ್ರಕರಣ ಇಲ್ಲಿಗೆ ಮುಗಿಯಲಿಲ್ಲ. ಕೆಲವೇ ತಿಂಗಳಲ್ಲಿ ಮಗು ಮತ್ತೆ ನೀಲಿಗಟ್ಟಿತು. ಇನ್ನೊಂದು ಬದಿಯಲ್ಲಿ ಎರಡನೆಯ ಆಪರೇಷನ್ ಮಾಡಿದರು. ಎರಡನೆಯ ಹುಟ್ಟುಹಬ್ಬಕ್ಕೆ ಮೊದಲೇ ಐಲೀನ್ ತೀರಿಕೊಂಡಳು.

ಲೆಕ್ಕ ಹಾಕುವವರು ಇದನ್ನು ಸೋಲಿನ ಕಡೆಗೆ ಬರೆದುಕೊಳ್ಳಬಹುದು. ಟಾಸಿಗ್ ಓದಿದ ರೀತಿ ಬೇರೆ. ಮೊದಲ ಆಪರೇಷನ್ನಿನ ನಂತರದ ವಾರಗಳಲ್ಲಿ ಅವರು ವರ್ಷಗಳಿಂದ ಹೇಳುತ್ತ ಬಂದದ್ದು ಕಣ್ಣೆದುರಿಗೇ ನಡೆದಿತ್ತು: ಶ್ವಾಸಕೋಶಕ್ಕೆ ರಕ್ತ ಕೊಟ್ಟರೆ ಮಗು ಕೆಂಪಾಗುತ್ತದೆ. ಅಂದರೆ ವಿಚಾರ ಸರಿ. ಇಷ್ಟು ಚಿಕ್ಕ ಮೈ, ಇಷ್ಟು ಸಣ್ಣ ನಾಳ ತಾಳದೆ ಹೋಗಿರಬಹುದು. ತುಸು ದೊಡ್ಡ ಮಕ್ಕಳಲ್ಲಿ ನೋಡಬೇಕು. ಐಲೀನ್ ಇನ್ನೂ ಬದುಕಿದ್ದಾಗಲೇ, ಫೆಬ್ರುವರಿಯಲ್ಲಿ, ಒಬ್ಬ ಹುಡುಗಿಗೂ ಆಮೇಲೆ ಆರು ವರ್ಷದ ಒಬ್ಬ ಹುಡುಗನಿಗೂ ಇದೇ ಆಪರೇಷನ್ ಆಯಿತು. ಆ ಹುಡುಗ ಆರು ಹೆಜ್ಜೆ ನಡೆಯಲಾರದವನು. ಚಿಮಟ ಬಿಟ್ಟ ಗಳಿಗೆಯಲ್ಲೇ ಅವನ ತುಟಿ ನೇರಳೆಯಿಂದ ಕೆಂಪಿಗೆ ತಿರುಗಿತು. ತಲೆಯ ಬಳಿ ನಿಂತು ಮುಖವನ್ನೇ ನೋಡುತ್ತಿದ್ದವರು ಅದನ್ನು ಮೊದಲು ಕಂಡರು.

ಇವತ್ತಿನ ಕಣ್ಣಿಗೆ ಕೆಲವು ಪ್ರಶ್ನೆ ಏಳದೆ ಇರುವುದಿಲ್ಲ. ನೈತಿಕ ಸಮಿತಿ ಎಂಬುದು ಇರಲಿಲ್ಲ. ಮಗುವಿನ ಮೇಲೆ ಹಿಂದೆಂದೂ ಮಾಡದ ಆಪರೇಷನ್, ಒಂದೇ ಒಂದು ನಾಯಿಯ ಅನುಭವದ ಸರ್ಜನ್. ಹಡೆದವರಿಗೆ ಏನೆಂದು ಹೇಳುವುದು? ಬೇರೆ ದಾರಿ ಇಲ್ಲವೆಂಬುದು ಅವರಿಗೂ ಗೊತ್ತಿತ್ತು ಎಂಬುದೊಂದೇ ಸಮಾಧಾನ. ಸುಳ್ಳು ಭರವಸೆ ಕೊಡದೆ, ಗೊತ್ತಿರುವಷ್ಟನ್ನು ನೇರವಾಗಿ ಹೇಳುವುದು ಟಾಸಿಗ್ ಪದ್ಧತಿ ಎಂದು ಅವರ ಬಳಿ ಪಳಗಿದವರು ಹೇಳುತ್ತಾರೆ.

ಆಮೇಲೆ

1945ರ ಮೇ ತಿಂಗಳಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಮೂರೂ ಪ್ರಕರಣಗಳ ವರದಿ ಬಂತು. ಹೆಸರು ಎರಡು: ಬ್ಲೇಲಾಕ್, ಟಾಸಿಗ್. ಥಾಮಸ್ ಹೆಸರು ಎಲ್ಲಿಯೂ ಇಲ್ಲ. ಯುದ್ಧ ಮುಗಿದದ್ದೇ ತಡ, ದೇಶದ ಮೂಲೆಮೂಲೆಯಿಂದ, ಸಮುದ್ರದಾಚೆಯಿಂದಲೂ ತಂದೆತಾಯಂದಿರು ನೀಲಿ ಮಕ್ಕಳನ್ನು ಹೊತ್ತು ಬಂದರು. ಕೆಲವೇ ವರ್ಷಗಳಲ್ಲಿ ಸಾವಿರಕ್ಕೂ ಹೆಚ್ಚು ಆಪರೇಷನ್ ಆದವು. ಬಂದ ಪ್ರತಿ ಮಗುವಿಗೂ ಇದು ಹೊಂದುವುದಿಲ್ಲ. ಶ್ವಾಸಕೋಶಕ್ಕೆ ಆಗಲೇ ಹೆಚ್ಚು ರಕ್ತ ಹೋಗುತ್ತಿರುವ ಮಗುವಿಗೆ ಮಾಡಿದರೆ ಕೊಂದಂತೆಯೇ. ಯಾರಿಗೆ ಸರಿ, ಯಾರಿಗೆ ಬೇಡ ಎಂದು ಆರಿಸುವ ಭಾರ ಟಾಸಿಗ್ ಮೇಲಿತ್ತು. ಕೈಯಿಟ್ಟು ನೋಡಿ 'ಬೇಡ' ಎನ್ನುವುದು ಎಷ್ಟು ಸಲವೋ. ಆ ಅನುಭವವನ್ನೆಲ್ಲ ಸೇರಿಸಿ 1947ರಲ್ಲಿ ಹುಟ್ಟು ಹೃದ್ರೋಗಗಳ ಬಗ್ಗೆ ದೊಡ್ಡ ಗ್ರಂಥ ಬರೆದರು. ಮಕ್ಕಳ ಹೃದ್ರೋಗ ಎಂಬ ವಿಭಾಗವೇ ಅದರ ಮೇಲೆ ನಿಂತಿತು.

ಮಾನ ಸಮ್ಮಾನಗಳ ವಿಷಯದಲ್ಲಿ ಕಾಲ ಅವರನ್ನು ಚೆನ್ನಾಗಿ ಕಾಯಿಸಿತು. ಬ್ಲೇಲಾಕ್ 1945ರಲ್ಲೇ ಅಮೆರಿಕದ ವಿಜ್ಞಾನ ಅಕಾಡೆಮಿಯ ಸದಸ್ಯನಾದ. ಟಾಸಿಗ್ ಆದದ್ದು 1973ರಲ್ಲಿ. ಪೂರ್ಣ ಪ್ರೊಫೆಸರ್ ಪದವಿ ಸಿಕ್ಕಿದ್ದು 1959ರಲ್ಲಿ, 60 ದಾಟಿದ ಮೇಲೆ. ಥಾಮಸ್ ಇನ್ನೂ ತಡ: ಹಾಪ್ಕಿನ್ಸ್ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. 'ಬ್ಲೇಲಾಕ್-ಟಾಸಿಗ್' ಎಂದು ಕರೆಯುತ್ತಿದ್ದ ಆಪರೇಷನ್ನಿನ ಹೆಸರಿಗೆ ಈಗ ಹಲವರು ಅವನ ಹೆಸರನ್ನೂ ಸೇರಿಸಿ ಹೇಳುತ್ತಾರೆ.

1962ರಲ್ಲಿ ಇನ್ನೊಂದು ಪ್ರಸಂಗ. ಅವರ ಬಳಿ ಕಲಿತಿದ್ದ ಜರ್ಮನಿಯ ಅಲಾಯ್ಸ್ ಬಾಯ್ರನ್ ಭೇಟಿಗೆ ಬಂದವನು, ತನ್ನ ದೇಶದಲ್ಲಿ ಕೈಕಾಲು ಮೊಟಕಾದ ಕೂಸುಗಳು ಹುಟ್ಟುತ್ತಿವೆ, ಬಸುರಿಯರು ತೆಗೆದುಕೊಂಡ ಥಾಲಿಡೊಮೈಡ್ ಮಾತ್ರೆಯ ಮೇಲೆ ಅನುಮಾನವಿದೆ ಎಂದ. ಟಾಸಿಗ್ ಪತ್ರ ಬರೆದು ವಿಚಾರಿಸುತ್ತ ಕೂರಲಿಲ್ಲ. 63ನೇ ವಯಸ್ಸಿನಲ್ಲಿ ವಿಮಾನ ಹತ್ತಿ ಜರ್ಮನಿಗೆ ಹೋದರು, ಊರೂರು ತಿರುಗಿ ಆ ಮಕ್ಕಳನ್ನು ಕಣ್ಣಾರೆ ಕಂಡರು, ವೈದ್ಯರನ್ನು ಮಾತಾಡಿಸಿದರು, ವಾಪಸು ಬಂದು ವೈದ್ಯರ ಸಭೆಗಳಲ್ಲೂ ಅಮೆರಿಕದ ಸಂಸತ್ತಿನೆದುರೂ ಕಂಡದ್ದನ್ನು ಹೇಳಿದರು. ಆ ಔಷಧಿಗೆ ಅಮೆರಿಕದಲ್ಲಿ ಒಪ್ಪಿಗೆ ಕೊಡದೆ ತಡೆಹಿಡಿದಿದ್ದ ಅಧಿಕಾರಿ ಫ್ರಾನ್ಸಿಸ್ ಕೆಲ್ಸಿ ಕೂಡ ಹೆಂಗಸು ಎಂಬುದು ಕಾಕತಾಳೀಯವಿರಬಹುದು. ಅದೇ ವರ್ಷ ಔಷಧ ಪರೀಕ್ಷೆಯ ಕಾನೂನು ಬಿಗಿಯಾಯಿತು.

ನಿವೃತ್ತಿಯ ನಂತರವೂ ಹಳೆಯ ರೋಗಿಗಳ ಜಾಡು ಬಿಡಲಿಲ್ಲ. ಮೊದಲ ವರ್ಷಗಳಲ್ಲಿ ಆಪರೇಷನ್ ಆದವರು ಈಗ ಎಲ್ಲಿದ್ದಾರೆ, ಏನು ಓದಿದರು, ಕೆಲಸ ಸಿಕ್ಕಿತೇ, ಮದುವೆಯಾಯಿತೇ, ಮಕ್ಕಳಾದವೇ, ಆ ಮಕ್ಕಳ ಹೃದಯ ಹೇಗಿದೆ ಎಂದು ದಶಕಗಳ ಕಾಲ ವಿಚಾರಿಸುತ್ತ, ಬರೆದಿಡುತ್ತ, ಸರಣಿ ಲೇಖನಗಳಾಗಿ ಪ್ರಕಟಿಸಿದರು. ಆಪರೇಷನ್ ಯಶಸ್ವಿ ಎಂದು ಹೇಳಲು ಮೂವತ್ತು ದಿನದ ಲೆಕ್ಕ ಸಾಕೆನ್ನುವವರು ಇದನ್ನೊಮ್ಮೆ ಓದಬೇಕು. 1986ರ ಮೇ 20ರಂದು, 88 ತುಂಬಲು ನಾಲ್ಕು ದಿನವಿರುವಾಗ, ಪೆನ್ಸಿಲ್ವೇನಿಯಾದಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗಲೂ ಕೈಯಲ್ಲಿ ಕೆಲಸವಿತ್ತು: ಹಕ್ಕಿಗಳ ಹೃದಯದಲ್ಲೂ ಇಂಥದೇ ಹುಟ್ಟುದೋಷಗಳಿವೆಯೇ ಎಂದು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದರು.

ಈಗ ಟೆಟ್ರಾಲಜಿಯನ್ನು ಹೃದಯ ತೆರೆದು ಪೂರ್ತಿ ಸರಿಪಡಿಸುತ್ತಾರೆ. 1954ರಲ್ಲಿ ಮಿನೆಸೋಟಾದ ವಾಲ್ಟನ್ ಲಿಲೆಹೈ ಅದನ್ನು ಮೊದಲು ಮಾಡಿದ. ತೀರ ಎಳೆಯ ಕೂಸುಗಳಿಗೆ ಮೊದಲು ಒಂದು ಕವಲು ಹಾಕಿ ಬೆಳೆಯಲು ಬಿಡುವುದು ಈಗಲೂ ಉಂಟು. ಆದರೆ ತೋಳಿನ ನಾಳವನ್ನೇ ಕತ್ತರಿಸದೆ, ನಡುವೆ ಗೋರ್‌ಟೆಕ್ಸ್ ಎಂಬ ಕೃತಕ ವಸ್ತುವಿನ ಸಣ್ಣ ಕೊಳವೆ ಇಟ್ಟು ಹೊಲಿಯುತ್ತಾರೆ. ಹಳೆಯ ಕ್ರಮದಲ್ಲಿ ಆಪರೇಷನ್ ಆಗಿ ಬದುಕಿ ಮುದುಕರಾದವರ ಆ ಬದಿಯ ತೋಳು, ಸುತ್ತಮುತ್ತಲ ಸಣ್ಣ ನಾಳಗಳಿಂದ ರಕ್ತ ಪಡೆದು ಹೇಗೋ ಬೆಳೆದಿರುತ್ತದೆ. ಅವರ ರಕ್ತದೊತ್ತಡವನ್ನು ಇನ್ನೊಂದು ತೋಳಿನಲ್ಲೇ ನೋಡಬೇಕು. ಗೊತ್ತಿಲ್ಲದ ಡಾಕ್ಟರು ಆ ಮಣಿಕಟ್ಟು ಹಿಡಿದು ನಾಡಿ ಸಿಗದೆ ಗಾಬರಿಯಾಗುತ್ತಾರೆ. ಗೊತ್ತಿರುವವರು ಸುಮ್ಮನೆ ಅಂಗಿ ಸರಿಸಿ, ಪಕ್ಕೆಯಲ್ಲಿ ಹಳೆಯ ಗಾಯದ ಗೆರೆ ಹುಡುಕುತ್ತಾರೆ.